ಅಮೆರಿಕಕ್ಕೆ ಹೊರಟ ಅವ್ವನಿಗೆ ಯಾವ ಇನ್ಶೂರೆನ್ಸ್ ಮಾಡಿಸಬೇಕು?

ಪ್ರಶ್ನೆ: ನಮ್ಮ ಅವ್ವನಿಗೆ 71 ವರ್ಷ. ಶುಗರ್, ಬಿಪಿ ಎರಡೂ ಇವೆ. ಎರಡು ವರ್ಷದ ಹಿಂದೆ ಇಲ್ಲೇ ಕಲಬುರಗಿಯ ಜಯದೇವದಲ್ಲಿ ಸ್ಟೆಂಟ್ ಹಾಕಿಸಿದ್ದೇವೆ. ನನ್ನ ತಮ್ಮ ಡಲ್ಲಾಸ್‌ನಲ್ಲಿದ್ದಾನೆ, ಅಲ್ಲಿನ ಸಿಟಿಜನ್. ಅವನು ಹಾಕಿದ್ದ ಗ್ರೀನ್ ಕಾರ್ಡ್ ಅರ್ಜಿ ಪಾಸಾಗಿ ಅವ್ವನಿಗೆ ವೀಸಾ ಬಂದಿದೆ. ಅವನ ಕಂಪನಿ ಇನ್ಶೂರೆನ್ಸ್‌ನಲ್ಲಿ ತಾಯಿಯನ್ನು ಸೇರಿಸಲು ಬರುವುದಿಲ್ಲವಂತೆ. ಇಲ್ಲಿಯ ಏಜೆಂಟರೊಬ್ಬರು ಒಂದು ವರ್ಷದ ಟ್ರಾವೆಲ್ ಪಾಲಿಸಿ ತಗೊಳ್ಳಿ, ಸಾಕು ಎಂದರು. 65 ದಾಟಿದವರಿಗೆ ಅಲ್ಲಿ ಮೆಡಿಕೇರ್ ಎನ್ನುವ ಸರ್ಕಾರಿ ಇನ್ಶೂರೆನ್ಸ್ ಫ್ರೀ ಎಂದು ಬೇರೆಯವರು ಹೇಳುತ್ತಾರೆ. ಇಲ್ಲಿ ಅವ್ವನ ಹೆಸರಲ್ಲಿ 5 ಲಕ್ಷದ ಪಾಲಿಸಿ ಏಳು ವರ್ಷದಿಂದ ನಡೆಯುತ್ತಿದೆ. ಅದನ್ನು ನಿಲ್ಲಿಸಬೇಕಾ? ಅವ್ವನಿಗೆ ಅಪ್ಪನ ಫ್ಯಾಮಿಲಿ ಪೆನ್ಷನ್ ತಿಂಗಳಿಗೆ 16 ಸಾವಿರ ಬರುತ್ತದೆ. — ಓದುಗರೊಬ್ಬರು, ಕಲಬುರಗಿ

ಉತ್ತರ: ಅಕ್ಕಾರೆ, ಮೊದಲು ಆ ಏಜೆಂಟರ ಮಾತನ್ನು ಬದಿಗಿಡಿ. ಟ್ರಾವೆಲ್ ಪಾಲಿಸಿ ಸಾಕಾಗುವುದಿಲ್ಲ. ಅದು ಹೋಗಿ ಬರುವವರಿಗೆ ಮಾಡಿದ್ದು, ಹೋಗಿ ಅಲ್ಲೇ ಉಳಿಯುವವರಿಗಲ್ಲ. ಅಲ್ಲಿಗೆ ಹೋದ ಮೇಲೆ ಅವ್ವನಿಗೆ ಬರಬಹುದಾದ ದೊಡ್ಡ ಖರ್ಚು ಯಾವುದರಿಂದ? ಶುಗರ್‌ನಿಂದ, ಬಿಪಿಯಿಂದ, ಸ್ಟೆಂಟ್ ಹಾಕಿದ ಹೃದಯದಿಂದ. ಟ್ರಾವೆಲ್ ಪಾಲಿಸಿ ಕೈ ಬಿಡುವುದೂ ಸರಿಯಾಗಿ ಇವನ್ನೇ. ಮೊದಲೇ ಇದ್ದ ಕಾಯಿಲೆ ಕವರ್ ಆಗುವುದಿಲ್ಲ ಎಂದು ಪಾಲಿಸಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. "ಅಕ್ಯೂಟ್ ಆನ್‌ಸೆಟ್" ಕವರ್ ಇದೆಯಲ್ಲ ಎಂದು ಅವರು ಹೇಳಬಹುದು. ಹಳೆಯ ಕಾಯಿಲೆ ಏಕಾಏಕಿ, ಮುನ್ಸೂಚನೆಯೇ ಇಲ್ಲದೆ ಜೋರಾದರೆ, ಅದೂ ಸಾಮಾನ್ಯವಾಗಿ 24 ಗಂಟೆಯ ಒಳಗೆ ದವಾಖಾನೆ ಸೇರಿದರೆ ಮಾತ್ರ ಕೊಡುವ ರೊಕ್ಕ ಅದು. ವಯಸ್ಸು 70 ದಾಟಿದ ಮೇಲೆ ಬಹಳ ಪಾಲಿಸಿಗಳಲ್ಲಿ ಈ ಕವರ್ ಇರುವುದೇ ಇಲ್ಲ, ಇದ್ದರೂ ಮೊತ್ತ ತೀರಾ ಕಡಿಮೆ. ಎದೆ ನೋವು ಎಂದು ಹೋದಾಗ ನಾಲ್ಕು ದಿನದಿಂದ ಸ್ವಲ್ಪ ಸ್ವಲ್ಪ ನೋವಿತ್ತು ಎಂದು ಅವ್ವ ಡಾಕ್ಟರ ಮುಂದೆ ಹೇಳಿದರೆ (ಹೇಳೇ ಹೇಳುತ್ತಾರೆ, ನಮ್ಮ ಹಿರಿಯರು ಡಾಕ್ಟರ ಮುಂದೆ ಏನನ್ನೂ ಮುಚ್ಚಿಡುವವರಲ್ಲ) "ಏಕಾಏಕಿ" ಎನ್ನುವ ಷರತ್ತು ಅಲ್ಲಿಗೇ ಬಿದ್ದುಹೋಯಿತು.

ಹಾಗಂತ ಆ ಪಾಲಿಸಿ ಬೇಡವೇ ಬೇಡ ಎಂದಲ್ಲ. ಅದರ ಕೆಲಸ ಮೊದಲ ಕೆಲವು ವಾರಗಳದ್ದು ಮಾತ್ರ. ಅದಕ್ಕೆ ಆಮೇಲೆ ಬರುತ್ತೇನೆ.

ಮೆಡಿಕೇರ್ ಬಗ್ಗೆ ನಿಮಗೆ ಯಾರು ಹೇಳಿದರೋ ಅರ್ಧ ಹೇಳಿದ್ದಾರೆ. 65 ದಾಟಿದ ಅಮೆರಿಕನ್ನರಿಗೆ ಮೆಡಿಕೇರ್‌ನ ಪಾರ್ಟ್ ಎ, ಅಂದರೆ ದವಾಖಾನೆಯಲ್ಲಿ ಅಡ್ಮಿಟ್ ಆದಾಗಿನ ಖರ್ಚಿನ ಭಾಗ, ಪ್ರೀಮಿಯಂ ಇಲ್ಲದೆ ಸಿಗುವುದು ನಿಜ. ಆದರೆ ಅದು ಅವರೋ ಅವರ ಗಂಡ ಅಥವಾ ಹೆಂಡತಿಯೋ ಅಲ್ಲಿ ಸುಮಾರು ಹತ್ತು ವರ್ಷ, ಲೆಕ್ಕದಲ್ಲಿ 40 ಕ್ವಾರ್ಟರ್ (ವರ್ಷಕ್ಕೆ ನಾಲ್ಕರಂತೆ), ದುಡಿದು ತೆರಿಗೆ ಕಟ್ಟಿದ್ದಕ್ಕೆ. ಮಗ ಕಟ್ಟಿದ ತೆರಿಗೆ ತಾಯಿಯ ಲೆಕ್ಕಕ್ಕೆ ಬರುವುದಿಲ್ಲ. ಅವ್ವನಂಥವರು ಗ್ರೀನ್ ಕಾರ್ಡ್ ಮೇಲೆ ಐದು ವರ್ಷ ಬಿಡದೆ ಅಲ್ಲಿ ನೆಲೆಸಿದ ಮೇಲೆ ಮೆಡಿಕೇರ್ ಅನ್ನು ಕೊಂಡುಕೊಳ್ಳಬಹುದು. ಹೌದು, ಕೊಂಡುಕೊಳ್ಳುವುದೇ. 2026ರ ದರದಲ್ಲಿ ಪಾರ್ಟ್ ಎ ತಿಂಗಳಿಗೆ 565 ಡಾಲರ್, ಡಾಕ್ಟರ್ ಮತ್ತು ಹೊರರೋಗಿ ಖರ್ಚಿನ ಪಾರ್ಟ್ ಬಿ 202.90 ಡಾಲರ್. ಎರಡೂ ಸೇರಿ 770ರ ಹತ್ತಿರ. ಗುಳಿಗೆಗಳ ಪಾರ್ಟ್ ಡಿ ಬೇರೆ. ಐದು ವರ್ಷ ತುಂಬುವ ಹೊತ್ತಿಗೆ ಅರ್ಜಿ ಹಾಕಲು ಒಂದು ಏಳು ತಿಂಗಳ ಅವಧಿ ಇರುತ್ತದೆ, ಅದು ತುಂಬುವ ತಿಂಗಳಿಗಿಂತ ಮೂರು ತಿಂಗಳು ಮೊದಲೇ ಶುರು. ಅದನ್ನು ಬಿಟ್ಟರೆ ತಡವಾದ ಪ್ರತಿ ಪೂರ್ತಿ ವರ್ಷಕ್ಕೆ ಪಾರ್ಟ್ ಬಿ ಪ್ರೀಮಿಯಂ ಶೇ. 10ರಷ್ಟು ಏರುತ್ತದೆ, ಆ ಏರಿಕೆ ಜೀವನಪೂರ್ತಿ ಇಳಿಯುವುದಿಲ್ಲ. ತಮ್ಮನ ಫೋನಿನಲ್ಲಿ ಆ ತಾರೀಖನ್ನು ಈಗಲೇ ಹಾಕಿಸಿಡಿ. ಬಡವರಿಗಿರುವ ಮೆಡಿಕೇಡ್ ಎನ್ನುವ ಇನ್ನೊಂದು ಯೋಜನೆಗೂ ಹೊಸದಾಗಿ ಹೋದವರಿಗೆ ಐದು ವರ್ಷದ ತಡೆ ಇದೆ. 1996ರ ಕಾನೂನು ಅದು. ಟೆಕ್ಸಾಸ್‌ನಲ್ಲಿ ಅದರ ಆಸೆಯನ್ನೇ ಬಿಡಿ.

ಹಾಗಾದರೆ ಈ ಐದು ವರ್ಷ ಏನು ಮಾಡುವುದು? ಇದಕ್ಕೆ ಉತ್ತರ ಮಾರ್ಕೆಟ್‌ಪ್ಲೇಸ್. ಒಬಾಮಾ ಕಾಲದ ಕಾನೂನಿನಿಂದ ಬಂದ ಸರ್ಕಾರಿ ಇನ್ಶೂರೆನ್ಸ್ ಸಂತೆ. ಟೆಕ್ಸಾಸ್‌ನವರು ಹೆಲ್ತ್‌ಕೇರ್ ಡಾಟ್ ಗವ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ಗ್ರೀನ್ ಕಾರ್ಡ್ ಹಕ್ಕು ಸಿಕ್ಕ ದಿನದಿಂದಲೇ ಅವ್ವ ಅಲ್ಲಿ ಪಾಲಿಸಿ ಕೊಳ್ಳಬಹುದು, ಐದು ವರ್ಷ ಕಾಯಬೇಕಿಲ್ಲ. 65 ದಾಟಿದೆ ಎಂಬುದೂ ಅಡ್ಡಿಯಲ್ಲ, ಯಾಕೆಂದರೆ ಅವರಿಗೆ ಪ್ರೀಮಿಯಂ ಇಲ್ಲದ ಮೆಡಿಕೇರ್ ಸಿಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಮಾತು ಎಂದರೆ ಶುಗರ್ ಇದೆ, ಸ್ಟೆಂಟ್ ಇದೆ ಎಂದು ಕಂಪನಿ ಬೇಡ ಎನ್ನುವ ಹಾಗಿಲ್ಲ, ಅದಕ್ಕಾಗಿ ಜಾಸ್ತಿ ರೊಕ್ಕ ಕೇಳುವ ಹಾಗಿಲ್ಲ, ಮೂರು ವರ್ಷ ಕಾಯಿರಿ ಎನ್ನುವ ಹಾಗೂ ಇಲ್ಲ. ನಮ್ಮ ಕಡೆಯ ವೇಟಿಂಗ್ ಪೀರಿಯಡ್ ನೋಡಿ ಬೇಸತ್ತವರಿಗೆ ಇದು ನಂಬಲು ಕಷ್ಟ, ಆದರೆ ಹೀಗೇ ಇದೆ. ಪಾಲಿಸಿ ಶುರುವಾದ ಮೊದಲ ದಿನವೇ ಹಳೆಯ ಕಾಯಿಲೆಗೂ ಕವರ್.

ಆದರೆ ಒಂದು ಗಡುವು ಇದೆ. ಈ ಉತ್ತರದಲ್ಲಿ ನೀವು ಬೇರೆಲ್ಲ ಮರೆತರೂ ಪರವಾಗಿಲ್ಲ, ಇದನ್ನು ಮರೆಯಬೇಡಿ. ಅವ್ವ ಅಲ್ಲಿ ಇಳಿದು ಗ್ರೀನ್ ಕಾರ್ಡ್ ಹಕ್ಕು ಪಡೆದ ದಿನದಿಂದ 60 ದಿನ ಮಾತ್ರ ಆ ವಿಶೇಷ ಅವಕಾಶ. ಅದರೊಳಗೆ ಪ್ಲಾನ್ ಆರಿಸದಿದ್ದರೆ ನವೆಂಬರ್ 1ರಿಂದ ಶುರುವಾಗುವ ವಾರ್ಷಿಕ ನೋಂದಣಿಗೆ ಕಾಯಬೇಕು, ಆಗ ಮಾಡಿಸಿದ್ದು ಜಾರಿಗೆ ಬರುವುದು ಜನವರಿಯಿಂದ. ಏಪ್ರಿಲ್‌ನಲ್ಲಿ ಹೋದವರು ಜೂನ್ ಕಳೆದರೆ ಉಳಿದ ಅರ್ಧ ವರ್ಷ ದೇವರ ಮೇಲೆ ಭಾರ. ಬಹಳ ಮನೆಗಳಲ್ಲಿ ಆಗುವುದು ಇದೇ. ಅವ್ವ ಬಂದಿದ್ದಾರೆ, ಸ್ವಲ್ಪ ಸುಧಾರಿಸಿಕೊಳ್ಳಲಿ, ಮೊಮ್ಮಕ್ಕಳ ಜೊತೆ ಕಾಲ ಕಳೆಯಲಿ, ಸೋಶಿಯಲ್ ಸೆಕ್ಯುರಿಟಿ ನಂಬರ್ ಬರಲಿ, ಪ್ಲಾಸ್ಟಿಕ್ ಕಾರ್ಡ್ ಪೋಸ್ಟಿನಲ್ಲಿ ಬರಲಿ ಎಂದು ಮಗ ಸುಮ್ನೆ ಕೂತುಬಿಡುತ್ತಾನೆ. ಕಾರ್ಡ್ ಕೈಗೆ ಬರುವವರೆಗೆ ಕಾಯಬೇಕಿಲ್ಲ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಇಮಿಗ್ರಂಟ್ ವೀಸಾದ ಮೇಲೆ ವಿಮಾನ ನಿಲ್ದಾಣದಲ್ಲಿ ಸೀಲು ಬಿದ್ದರೆ ಅದೇ ಒಂದು ವರ್ಷದ ಮಟ್ಟಿಗೆ ಗ್ರೀನ್ ಕಾರ್ಡಿನ ಸಾಕ್ಷಿ. ಆ ಪುಟದ ಫೋಟೋ ಹಾಕಿ ಅರ್ಜಿ ಕೊಡಬಹುದು, ಅರ್ಜಿಯಲ್ಲಿ ಕೇಳುವ, ಎ ಅಕ್ಷರದಿಂದ ಶುರುವಾಗುವ ನಂಬರ್ ಆ ವೀಸಾದಲ್ಲೇ ಇರುತ್ತದೆ. ಅಂದಹಾಗೆ ಕಾರ್ಡ್ ಪ್ರಿಂಟ್ ಆಗಬೇಕಾದರೆ 235 ಡಾಲರ್ ಫೀ ಆನ್‌ಲೈನ್‌ನಲ್ಲಿ ಕಟ್ಟಬೇಕು. ತಮ್ಮ ಅದನ್ನು ಕಟ್ಟಿದ್ದಾನಾ ಕೇಳಿ.

ಪ್ಲಾನ್ ಆರಿಸಿದ ಮೇಲೆ ಕವರ್ ಶುರುವಾಗುವುದು ಮುಂದಿನ ತಿಂಗಳ 1ನೇ ತಾರೀಖಿನಿಂದ. ಇಲ್ಲೊಂದು ಚಿಕ್ಕ ಉಪಾಯವಿದೆ. ಟಿಕೆಟ್ ಇನ್ನೂ ಬುಕ್ ಮಾಡಿಲ್ಲದಿದ್ದರೆ ತಿಂಗಳ 20ರ ನಂತರ ಇಳಿಯುವ ಹಾಗೆ ನೋಡಿ. 22ಕ್ಕೆ ಇಳಿದು 25ಕ್ಕೆ ಅರ್ಜಿ ಹಾಕಿ ಪ್ಲಾನ್ ಆರಿಸಿ ಮೊದಲ ಪ್ರೀಮಿಯಂ ಕಟ್ಟಿದರೆ ಒಂದೇ ವಾರದ ಅಂತರ. 2ನೇ ತಾರೀಖು ಇಳಿದರೆ ಹೆಚ್ಚುಕಡಿಮೆ ಇಡೀ ತಿಂಗಳು ಖಾಲಿ. ಆ ಖಾಲಿ ಅವಧಿಗೆ ಬೇಕಾಗುವುದೇ ನಿಮ್ಮ ಏಜೆಂಟರು ಹೇಳಿದ ಪಾಲಿಸಿ. ಒಂದು ವರ್ಷಕ್ಕಲ್ಲ, ಒಂದು ಅಥವಾ ಎರಡು ತಿಂಗಳಿಗೆ. ಜಾರಿ ಬಿದ್ದರೆ, ಜ್ವರ ನ್ಯುಮೋನಿಯಾಕ್ಕೆ ತಿರುಗಿದರೆ ಅದು ಕೆಲಸಕ್ಕೆ ಬರುತ್ತದೆ. ಕೊಳ್ಳುವಾಗ ಎರಡು ವಿಷಯ ಕೇಳಿ. ಗ್ರೀನ್ ಕಾರ್ಡ್ ಮೇಲೆ ಹೋಗುವವರಿಗೆ ಈ ಪಾಲಿಸಿ ನಡೆಯುತ್ತದಾ? ಕೆಲವು ಪಾಲಿಸಿಗಳು ಪ್ರವಾಸಿಗಳಿಗೆ ಮಾತ್ರ. ಎರಡನೆಯದು, ಇದು ಫಿಕ್ಸೆಡ್ ಬೆನಿಫಿಟ್ ಪಾಲಿಸಿಯಾ, ಕಾಂಪ್ರಿಹೆನ್ಸಿವ್ ಪಾಲಿಸಿಯಾ? ಮೊದಲನೆಯದರಲ್ಲಿ ಡಾಕ್ಟರ ಭೇಟಿಗೆ ಇಷ್ಟು, ಬೆಡ್ಡಿಗೆ ದಿನಕ್ಕೆ ಇಷ್ಟು ಎಂದು ಮೊದಲೇ ಕಟ್ಟಿರುತ್ತಾರೆ, ಅಲ್ಲಿಯ ದವಾಖಾನೆ ಬಿಲ್ಲಿನ ಮುಂದೆ ಅದು ಏನೇನೂ ಅಲ್ಲ. ಎರಡನೆಯದನ್ನೇ ತಗೊಳ್ಳಿ.

ಈಗ ರೊಕ್ಕದ ವಿಷಯ. ನಿಮ್ಮ ತಮ್ಮನಿಗೆ ಸ್ವಲ್ಪ ಬಿಸಿ ತಟ್ಟುವುದು ಇಲ್ಲೇ. ಮಾರ್ಕೆಟ್‌ಪ್ಲೇಸ್‌ನಲ್ಲಿ ಕಾಯಿಲೆ ನೋಡಿ ದರ ಏರಿಸುವಂತಿಲ್ಲ, ಆದರೆ ವಯಸ್ಸು ನೋಡಿ ಏರಿಸಬಹುದು. 64 ದಾಟಿದವರಿಗೆ 21ರ ಹುಡುಗನ ಮೂರು ಪಟ್ಟಿನವರೆಗೆ. ಅವ್ವನ ವಯಸ್ಸಿಗೆ ಸಬ್ಸಿಡಿ ಇಲ್ಲದೆ ಒಂದು ಸಾಧಾರಣ ಸಿಲ್ವರ್ ಪ್ಲಾನ್ ಬಹಳ ಊರುಗಳಲ್ಲಿ ತಿಂಗಳಿಗೆ ಸಾವಿರ ಡಾಲರ್ ದಾಟುತ್ತದೆ. ಸಬ್ಸಿಡಿ ಸಿಗುತ್ತದಾ? ಮೊದಲು ಸುಲಭವಿತ್ತು. ಆದಾಯವೇ ಇಲ್ಲದ ಹಿರಿಯರು, ಐದು ವರ್ಷದ ತಡೆಯಿಂದ ಮೆಡಿಕೇಡ್ ಸಿಗದವರು, ಬಡತನ ರೇಖೆಯ ಕೆಳಗಿದ್ದರೂ ಸಬ್ಸಿಡಿ ಪಡೆಯುತ್ತಿದ್ದರು. 2025ರ ಜುಲೈನಲ್ಲಿ ಬಂದ ಕಾನೂನು ಆ ದಾರಿಯನ್ನು 2026ರ ಜನವರಿ 1ರಿಂದ ಮುಚ್ಚಿದೆ. ಹಳೆಯ ವೀಡಿಯೊ ನೋಡಿ "ನಮ್ಮ ಅತ್ತೆಗೆ ಹತ್ತು ಡಾಲರ್‌ನಲ್ಲಿ ಪ್ಲಾನ್ ಸಿಕ್ಕಿತು" ಎಂದು ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ, ಆ ಕಾಲ ಮುಗಿದಿದೆ ಅಷ್ಟೇ. ಅವ್ವ ಒಬ್ಬರೇ ಅರ್ಜಿ ಹಾಕಿ ವರ್ಷಕ್ಕೆ ಎರಡು ಸಾವಿರ ಡಾಲರ್‌ಗಿಂತ ಸ್ವಲ್ಪ ಜಾಸ್ತಿ ಪೆನ್ಷನ್ ತೋರಿಸಿದರೆ ಈಗ ಸಬ್ಸಿಡಿ ಶೂನ್ಯ.

ಉಳಿದಿರುವ ದಾರಿ ತಮ್ಮನ ಟ್ಯಾಕ್ಸ್ ರಿಟರ್ನ್. ಅವನು ಅವ್ವನನ್ನು ತನ್ನ ಅವಲಂಬಿತೆ ಎಂದು ತೋರಿಸಿದರೆ ಅವ್ವ ಅವನ ಕುಟುಂಬದ ಲೆಕ್ಕಕ್ಕೆ ಸೇರುತ್ತಾರೆ, ಆಗ ಸಬ್ಸಿಡಿ ನೋಡುವುದು ಇಡೀ ಕುಟುಂಬದ ಆದಾಯದ ಮೇಲೆ. ಅದಕ್ಕೆ ಅವ್ವನ ಅರ್ಧಕ್ಕಿಂತ ಜಾಸ್ತಿ ಖರ್ಚನ್ನು ಅವನೇ ನೋಡಿಕೊಳ್ಳುತ್ತಿರಬೇಕು, ಅವ್ವನ ಸ್ವಂತ ಆದಾಯ ಒಂದು ಮಿತಿಯೊಳಗಿರಬೇಕು. 2025ರ ಲೆಕ್ಕಕ್ಕೆ ಆ ಮಿತಿ 5,200 ಡಾಲರ್. ನೀವು ಹೇಳಿದ ಪೆನ್ಷನ್ ಅದರೊಳಗೆ ಆರಾಮಾಗಿ ಬರುತ್ತದೆ. ಆದರೆ ಅವ್ವನ ಹೆಸರಲ್ಲಿ ತೊಗರಿ ಹೊಲ ಇದ್ದು ಲಾವಣಿಗೆ ಹಾಕಿದ್ದರೆ, ಬ್ಯಾಂಕಿನಲ್ಲಿ ಎಫ್‌ಡಿ ಬಡ್ಡಿ ಬರುತ್ತಿದ್ದರೆ, ಸೂಪರ್ ಮಾರ್ಕೆಟ್ ಕಡೆ ಅಂಗಡಿ ಬಾಡಿಗೆ ಇದ್ದರೆ ಅವೂ ಲೆಕ್ಕಕ್ಕೆ ಬರುತ್ತವೆ. ಗ್ರೀನ್ ಕಾರ್ಡ್ ಇದ್ದವರು ಜಗತ್ತಿನ ಎಲ್ಲಿಂದ ಬಂದ ಆದಾಯವನ್ನೂ ಅಲ್ಲಿ ತೋರಿಸಬೇಕು. ಇಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ತಮ್ಮ, ಅವನ ಹೆಂಡತಿ, ಎರಡು ಮಕ್ಕಳು, ಅವ್ವ ಸೇರಿ ಐದು ಜನ ಎಂದುಕೊಳ್ಳೋಣ. 2026ರ ಪಾಲಿಸಿಗೆ ಕುಟುಂಬದ ಆದಾಯ 1,50,600 ಡಾಲರ್ ದಾಟಿದರೆ ಸಬ್ಸಿಡಿ ಇಲ್ಲ. ಅದರ ಕೆಳಗೆ, ಮಿತಿಯ ಹತ್ತಿರ ಇರುವವರು ಆದಾಯದ ಸುಮಾರು ಶೇ. 10ರಷ್ಟನ್ನು ತಾವೇ ಹಾಕಬೇಕು, ಮೇಲಿನದು ಮಾತ್ರ ಸರ್ಕಾರದ್ದು. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್‌ನಲ್ಲಿದ್ದರೆ ಪೂರ್ತಿ ರೊಕ್ಕ ಕಟ್ಟಲು ತಯಾರಾಗಿರಲಿ. ಅವ್ವನ ಖರ್ಚಿನಲ್ಲಿ ನೀವೂ ಪಾಲು ಹಾಕುವುದಿದ್ದರೆ ಈಗಲೇ ತಮ್ಮನ ಜೊತೆ ಕೂತು ಮಾತಾಡಿ, ಅವರು ಹೋದ ಮೇಲೆ ಫೋನಿನಲ್ಲಿ ಈ ಮಾತು ಕಹಿಯಾಗುತ್ತದೆ.

ಪ್ಲಾನ್‌ಗಳು ಬ್ರಾಂಜ್, ಸಿಲ್ವರ್, ಗೋಲ್ಡ್ ಎಂದು ಬರುತ್ತವೆ. ಸರಾಸರಿ ಖರ್ಚಿನಲ್ಲಿ ಕಂಪನಿಯ ಪಾಲು ಸುಮಾರು ಶೇ. 60, 70, 80. ಪ್ರೀಮಿಯಂ ಕಡಿಮೆ ಎಂದು ಬ್ರಾಂಜ್‌ಗೆ ಕೈ ಹಾಕಬೇಡಿ. ಅದು ವರ್ಷಕ್ಕೊಮ್ಮೆ ಡಾಕ್ಟರ ಮುಖ ನೋಡುವ ಹುಡುಗರಿಗೆ. ಸ್ಟೆಂಟ್ ಇರುವವರು ಪ್ರತಿ ಮೂರು ತಿಂಗಳಿಗೆ ರಕ್ತ ಪರೀಕ್ಷೆ, ಇಸಿಜಿ, ಗುಳಿಗೆ ಎಂದು ಓಡಾಡುತ್ತಲೇ ಇರುತ್ತಾರೆ. ಟೆಕ್ಸಾಸ್‌ನಲ್ಲಿ ಗೋಲ್ಡ್ ಪ್ಲಾನ್ ಕೆಲವೊಮ್ಮೆ ಸಿಲ್ವರ್‌ಗಿಂತ ಅಗ್ಗಕ್ಕೆ ಸಿಗುತ್ತದೆ, ಹೆಸರು ನೋಡಿ ಹೆದರದೆ ಎರಡರ ದರವನ್ನೂ ನೋಡಲು ಹೇಳಿ. ಅಲ್ಲಿಯ ಮಾರ್ಕೆಟ್‌ಪ್ಲೇಸ್ ಪ್ಲಾನ್‌ಗಳು ಬಹುಪಾಲು ಎಚ್‌ಎಂಒ ಇಲ್ಲವೇ ಇಪಿಒ, ಅಂದರೆ ಅವರ ಪಟ್ಟಿಯಲ್ಲಿರುವ ಡಾಕ್ಟರು, ದವಾಖಾನೆ ಮಾತ್ರ. ತಮ್ಮನ ಮನೆಯಿಂದ ಹತ್ತಿರದ ಹೃದಯದ ಡಾಕ್ಟರು ಆ ಪಟ್ಟಿಯಲ್ಲಿ ಇದ್ದಾರಾ, ಹೊಸ ಪೇಷಂಟ್ ತಗೊಳ್ಳುತ್ತಾರಾ ಎಂದು ಫೋನ್ ಮಾಡಿ ಕೇಳಿಯೇ ಪ್ಲಾನ್ ಆರಿಸಬೇಕು. ವೆಬ್‌ಸೈಟಿನ ಪಟ್ಟಿ ನಂಬಬೇಡಿ, ಬಿಟ್ಟುಹೋದವರ ಹೆಸರೂ ಅದರಲ್ಲಿ ಇರುತ್ತದೆ.

ಹೆಲ್ತ್ ಶೇರಿಂಗ್, ಶಾರ್ಟ್ ಟರ್ಮ್ ಪ್ಲಾನ್, ಡಿಸ್ಕೌಂಟ್ ಕಾರ್ಡ್ ಎಂದೆಲ್ಲ ಕಡಿಮೆ ದರ ಹೇಳಿ ತಮ್ಮನಿಗೆ ಕರೆ ಬರುತ್ತವೆ. ಅರ್ಜಿಯಲ್ಲಿ "ನಿಮಗೆ ಹೃದಯದ ತೊಂದರೆ ಇದೆಯಾ" ಎಂದು ಕೇಳಿದರೆ ಅಲ್ಲಿಗೇ ಫೋನ್ ಇಡಲಿ. ಮಾರ್ಕೆಟ್‌ಪ್ಲೇಸ್ ಪ್ಲಾನ್ ಆ ಪ್ರಶ್ನೆ ಕೇಳುವುದೇ ಇಲ್ಲ.

ಇನ್ನು ಗುಳಿಗೆ. ಇನ್ಶೂರೆನ್ಸ್ ಕೇಳಿದರೆ ಗುಳಿಗೆ ಬಗ್ಗೆ ಹೇಳುತ್ತಾನಲ್ಲ ಎನ್ನಬೇಡಿ, ಎರಡೂ ಒಂದೇ ಕಡೆ ಬಂದು ಸೇರುತ್ತವೆ. ಅವ್ವನ ಗುಳಿಗೆ ಡಬ್ಬಿ ತೆಗೆದು ಪ್ರತಿ ಸ್ಟ್ರಿಪ್ಪಿನ ಹಿಂದೆ ಬರೆದ ಮೂಲ ಔಷಧದ ಹೆಸರು ನೋಡಿ. ಇಕೋಸ್ಪ್ರಿನ್ ಎಂದರೆ ಆಸ್ಪಿರಿನ್, ಗ್ಲೈಕೊಮೆಟ್ ಎಂದರೆ ಮೆಟ್‌ಫಾರ್ಮಿನ್, ಟೆಲ್ಮಾ ಎಂದರೆ ಟೆಲ್ಮಿಸಾರ್ಟನ್. ಇವು ಅಲ್ಲಿ ಬೇರೆ ಹೆಸರಲ್ಲಿ ಸಿಗುತ್ತವೆ. ಆದರೆ ನಮ್ಮಲ್ಲಿ ಶುಗರ್‌ಗೆ ಬಹಳ ಜನರಿಗೆ ಬರೆದುಕೊಡುವ ಗ್ಲಿಕ್ಲಜೈಡ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಅಮೆರಿಕದಲ್ಲಿ ಮಾರಾಟಕ್ಕೇ ಇಲ್ಲ. ಡಬ್ಬಿಯಲ್ಲಿ ಅವು ಕಂಡರೆ ಹೊರಡುವ ಎರಡು ತಿಂಗಳ ಮೊದಲೇ ಇಲ್ಲಿಯ ಡಾಕ್ಟರ ಹತ್ತಿರ ಹೋಗಿ, ಅಲ್ಲಿ ಸಿಗುವ ಔಷಧಕ್ಕೆ ಬದಲಾಯಿಸಲು ಆಗುತ್ತದಾ ಕೇಳಿ, ಬದಲಾಯಿಸಿದ ಮೇಲೆ ಶುಗರ್ ಹೇಗೆ ನಿಲ್ಲುತ್ತದೆ ಎಂದು ಇಲ್ಲೇ ನೋಡಿಕೊಂಡು ಹೋಗಬಹುದು. ಮಾರ್ಕೆಟ್‌ಪ್ಲೇಸ್ ಪ್ಲಾನಿನ ಔಷಧ ಪಟ್ಟಿ ನೋಡುವಾಗಲೂ ಈ ಮೂಲ ಹೆಸರುಗಳೇ ಬೇಕು. ಮೂರು ತಿಂಗಳಿಗೆ ಆಗುವಷ್ಟು ಗುಳಿಗೆಯನ್ನು ಅದರದೇ ಸ್ಟ್ರಿಪ್ಪಿನಲ್ಲಿ, ಇಂಗ್ಲಿಷಿನಲ್ಲಿ ಬರೆಸಿದ ಚೀಟಿ ಸಮೇತ, ಕೈಚೀಲದಲ್ಲಿ ಇಡಿ. ಶೇಂಗಾ ಹಿಂಡಿ, ರೊಟ್ಟಿ ತುಂಬಿದ ದೊಡ್ಡ ಬ್ಯಾಗಿನೊಳಗೆ ಹಾಕಬೇಡಿ, ಆ ಬ್ಯಾಗು ಎರಡು ದಿನ ತಡವಾಗಿ ಬಂದರೆ ಗತಿ ಏನು? ಜಯದೇವದ ಡಿಸ್ಚಾರ್ಜ್ ಸಮ್ಮರಿ, ಆಂಜಿಯೊ ಸಿಡಿ, ಸ್ಟೆಂಟಿನ ಕಾರ್ಡ್ ಕೊಟ್ಟಿದ್ದರೆ ಅದು, ಎಲ್ಲದರ ಸ್ಕ್ಯಾನ್ ತಮ್ಮನಿಗೆ ಈಗಲೇ ಕಳಿಸಿ.

ಎಷ್ಟೇ ಎಚ್ಚರ ಇದ್ದರೂ ಆ ಖಾಲಿ ವಾರಗಳಲ್ಲೇ ಎದೆ ನೋವು ಬಂದರೆ ಲೆಕ್ಕ ಹಾಕುತ್ತ ಕೂರಬೇಡಿ, 911ಕ್ಕೆ ಫೋನ್ ಮಾಡಬೇಕು. 1986ರ ಕಾನೂನಿನಂತೆ ಎಮರ್ಜೆನ್ಸಿ ವಿಭಾಗ ಇರುವ ದವಾಖಾನೆ ಇನ್ಶೂರೆನ್ಸ್ ಇದೆಯಾ ಎಂದು ನೋಡದೆ ಪರೀಕ್ಷೆ ಮಾಡಿ ಅಪಾಯ ತಪ್ಪಿಸಲೇಬೇಕು. ಬಿಲ್ ಆಮೇಲೆ ಬರುತ್ತದೆ, ದೊಡ್ಡದೇ ಬರುತ್ತದೆ. ಆದರೆ ಲಾಭರಹಿತ ದವಾಖಾನೆಗಳು ಕಡಿಮೆ ಆದಾಯದವರಿಗೆ ಬಿಲ್ ಇಳಿಸುವ ನಿಯಮವನ್ನು ಬರೆದೇ ಇಟ್ಟಿರಬೇಕು. "ಫೈನಾನ್ಶಿಯಲ್ ಅಸಿಸ್ಟೆನ್ಸ್" ಅರ್ಜಿ ಕೊಡಿ ಎಂದು ತಮ್ಮನೇ ಬಾಯಿ ಬಿಟ್ಟು ಕೇಳಬೇಕು.

ತಮ್ಮ ಸಹಿ ಹಾಕಿದ ಐ-864 ಎಂಬ ಕಾಗದವೂ ನೆನಪಿರಲಿ. ಅವ್ವನ ಹೊಣೆ ನನ್ನದು ಎಂದು ಅಮೆರಿಕ ಸರ್ಕಾರಕ್ಕೆ ಬರೆದುಕೊಟ್ಟ ಮುಚ್ಚಳಿಕೆ ಅದು. ಅವ್ವ ಸಿಟಿಜನ್ ಆಗುವವರೆಗೆ, ಇಲ್ಲವೇ ಅಲ್ಲಿಂದ ಪೂರ್ತಿ ಬಿಟ್ಟು ಬರುವವರೆಗೆ ಅದು ಜೀವಂತ. ಐದು ವರ್ಷದಲ್ಲಿ ತಾನಾಗಿ ಮುಗಿಯುವುದಿಲ್ಲ.

ಇಷ್ಟೆಲ್ಲ ಓದಿ ಬೆವರು ಬಂದಿದ್ದರೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅವ್ವನಿಗೆ ಅಲ್ಲಿ ಖಾಯಂ ಇರುವ ಮನಸ್ಸಿದೆಯಾ? ಕೇಳಿದ್ದೀರಾ? ಶರಣಬಸವೇಶ್ವರ ಜಾತ್ರೆಗೆ ಬರಬೇಕು, ದೀಪಾವಳಿಗೆ ಬರಬೇಕು, ಚಳಿಗಾಲ ಇಲ್ಲೇ ಇರುತ್ತೇನೆ ಎನ್ನುವವರಾದರೆ ಗ್ರೀನ್ ಕಾರ್ಡ್ ಅವರಿಗೆ ಹೊರೆ. ಒಂದೇ ಸಲಕ್ಕೆ ಆರು ತಿಂಗಳು ಮೀರಿ ಹೊರಗಿದ್ದರೆ ವಾಸದ ಲೆಕ್ಕಕ್ಕೆ ಪೆಟ್ಟು ಬೀಳಬಹುದು, ಮುಂಚೆ ಅನುಮತಿ ಪಡೆಯದೆ ಒಂದು ವರ್ಷ ದಾಟಿದರೆ ಕಾರ್ಡೇ ಹೋಗುವ ಅಪಾಯ. ಇಲ್ಲಿದ್ದ ತಿಂಗಳುಗಳಿಗೂ ಅಲ್ಲಿಯ ಪ್ರೀಮಿಯಂ ಓಡುತ್ತಿರುತ್ತದೆ. ಅಂಥವರಿಗೆ ಹತ್ತು ವರ್ಷದ ವಿಸಿಟರ್ ವೀಸಾ ಮಾಡಿಸಿ, ಮೈ ಚೆನ್ನಾಗಿರುವಾಗ ನಾಲ್ಕೈದು ತಿಂಗಳು ಹೋಗಿ ಬರುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ನಿಮಗೆ ವೀಸಾ ಬಂದಾಗಿದೆ, ಮನೆಯಲ್ಲಿ ಮಾತಾಡಿಯೇ ಮುಂದುವರಿದಿರುತ್ತೀರಿ.

ಕೊನೆಗೆ ಇಲ್ಲಿಯ ಪಾಲಿಸಿ. ನಿಲ್ಲಿಸಲೇಬೇಡಿ. ಅದು ಅಲ್ಲಿಯ ಚಿಕಿತ್ಸೆಗೆ ಒಂದು ಪೈಸೆ ಕೊಡುವುದಿಲ್ಲ, ನಿಜ. ಆದರೆ ಅವ್ವ ವಾಪಸ್ ಬಂದರೆ, ಬಂದಾಗ ಏನಾದರೂ ಆದರೆ ಅದೇ ಗತಿ. ಏಳು ವರ್ಷ ಬಿಡದೆ ನಡೆಸಿದ ಪಾಲಿಸಿಗೆ ಬೆಲೆ ಇದೆ. ಐದು ವರ್ಷ ದಾಟಿದ ಮೇಲೆ, ಮೋಸ ಸಾಬೀತಾಗದ ಹೊರತು, ನೀವು ಮೊದಲು ಆ ಕಾಯಿಲೆ ಹೇಳಿರಲಿಲ್ಲ ಎಂದು ಕ್ಲೇಮ್ ತಳ್ಳಲು ಕಂಪನಿಗೆ ಬರುವುದಿಲ್ಲ. ನಿಲ್ಲಿಸಿ 74ರಲ್ಲಿ ಹೊಸದು ಕೇಳಿದರೆ ಹಳೆಯ ಕಾಯಿಲೆಗೆ ಮತ್ತೆ ಮೂರು ವರ್ಷದವರೆಗೆ ಕಾಯಿಸಬಹುದು, ಕೊಡದೆಯೂ ಇರಬಹುದು. ವಿಳಾಸ ಬದಲಾದದ್ದನ್ನು ಕಂಪನಿಗೆ ಪತ್ರದಲ್ಲಿ ತಿಳಿಸಿ, ರಿನ್ಯೂವಲ್ ಮೆಸೇಜ್ ನಿಮ್ಮ ಮೊಬೈಲಿಗೆ ಬರುವ ಹಾಗೆ ಮಾಡಿಸಿ, ಅವ್ವನ ಸಿಮ್ ಬಂದ್ ಆದರೆ ಯಾರಿಗೂ ಗೊತ್ತಾಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಇಲ್ಲ, ರಸೀದಿಯಲ್ಲಿ ಶೇ. 18 ಸೇರಿಸಿದ್ದಾರಾ ನೋಡಿ. ಪ್ರೀಮಿಯಂ ನೀವೇ ಕಟ್ಟಿ ಹಳೆಯ ತೆರಿಗೆ ಪದ್ಧತಿಯಲ್ಲಿ 80ಡಿ ಕಡಿತ ತೋರಿಸುತ್ತಿದ್ದರೆ ಇನ್ನೊಂದು ಸಣ್ಣ ವಿಷಯ. ಹಿರಿಯ ಪೋಷಕರ 50 ಸಾವಿರದ ಮಿತಿ ಭಾರತದ ನಿವಾಸಿಗಳಿಗೆ ಮಾತ್ರ. ಅವ್ವ ತೆರಿಗೆ ಲೆಕ್ಕದಲ್ಲಿ ಅನಿವಾಸಿ ಆದ ವರ್ಷದಿಂದ ಅದು 25 ಸಾವಿರಕ್ಕೆ ಇಳಿಯುತ್ತದೆ, ನಿಮ್ಮ ಆಡಿಟರಿಗೆ ಅವ್ವ ಹೊರಟ ತಾರೀಖು ಹೇಳಿಡಿ.